ನೆರಳಿನಲ್ಲಿ ನಿಂತ ಗಾಲಿ

ಮಕ್ಕಳೇ, ಬಚ್ಚಲ ನೀರು ಹರಿಯುವ ಕಡೆ ಕಾರಿನ ಹಳೆಯ ಟೈರೊಂದನ್ನು ಅಡ್ಡ ಮಲಗಿಸಿ, ಅದರ ಹೊಟ್ಟೆಗೆ ಕರಿಮಣ್ಣು ತುಂಬಿ ನಾನು ಕೊತ್ತಂಬರಿ ಬೆಳೆಯುತ್ತೇನಲ್ಲ, ಮೊನ್ನೆ ಸಾರಿಗೆಂದು ನಾಲ್ಕು ಎಳೆ ಕೀಳಲು ಹೋದ ಗಿರಿಜಾ ಅದರ ಮೈಮೇಲಿನ ಸವೆಯದ ಅಚ್ಚಿನ ಗೀರುಗಳಲ್ಲಿ ಬೆರಳಾಡಿಸುತ್ತ, “ಅಜ್ಜಿ, ಇದು ಇನ್ನೂ ಹೊಸಾದು ಇದ್ದಂಗೈತಿ, ಯಾಕ ಕಿತ್ತು ಹಾಕಿದ್ರಿ?” ಎಂದು ಕೇಳಿದಳು. ಎದುರಿಗೆ ನಿಂತು ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ. ನನ್ನ ತವರು ಮಾಗಳದ ಶಾಲೆಯಲ್ಲಿ ಮಾಸ್ತರರು ಮಗ್ಗಿ ಕೇಳಿದರೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದವಳು ನಾನು. ಈಗಲೂ ಬರೆದೇ ತೋರಿಸುತ್ತೇನೆ.

ನಿಮ್ಮ ಅಜ್ಜ ನಮ್ಮ ಸಣ್ಣ ಬಿಳಿ ಕಾರನ್ನು ಕಾರೆಂದು ತಿಳಿದದ್ದೇ ಇಲ್ಲ. ಅದು ಅವರ ಪಾಲಿಗೆ ಕೊಂಬಿಲ್ಲದ ಎತ್ತು. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಹಾಗೆಯೇ ಅವರು ಸೋಮವಾರ ಕಾರನ್ನೂ ಹೊರಡಿಸುತ್ತಿರಲಿಲ್ಲ. ಮೈ ತೊಳೆದು, ಮೂತಿಗೆ ವಿಭೂತಿ ಹಚ್ಚಿ, ಬೇವಿನ ಮರದ ಕೆಳಗೆ ನಿಲ್ಲಿಸಿಬಿಡುವರು. ಅವರು ಹೋದ ಮೇಲೆ ಅದಕ್ಕೆ ವಾರದ ಏಳು ದಿನವೂ ಸೋಮವಾರವಾಯಿತು. ನನಗೂ.

ಆಗ ಗಿರಿಜಾ ತೊಟ್ಟಿಲಲ್ಲಿದ್ದಳು. ನಿಮ್ಮಮ್ಮ ಸುಮಾ ಬಾಣಂತನ ಮುಗಿಸಿ ಹಡಗಲಿಯ ಶಾಲೆಗೆ ಮತ್ತೆ ಪಾಠ ಹೇಳಲು ಹೋಗಬೇಕಾಗಿತ್ತು. ಕೊಟ್ಟೂರಿನಿಂದ ಬಸ್ಸಿನಲ್ಲಿ ಹೋಗಿ ಬಂದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಹಾಲು ಕುಡಿಯುವ ಕೂಸು ಅಷ್ಟು ಹೊತ್ತು ಕಾಯುವುದೆಂತು? ಕಾರಿದ್ದರೆ ಕೆಲಸ, ಇಲ್ಲದಿದ್ದರೆ ಕೆಲಸ ಬಿಡಬೇಕು. ಅಂಗಡಿ ಬಿಟ್ಟು ಕದಲದ ನಿಮ್ಮಪ್ಪನಿಗೆ ಡ್ರೈವಿಂಗು ಬರುತ್ತಿರಲಿಲ್ಲ; ಅವಳಿಗೆ ನಿಮ್ಮಜ್ಜನೇ ಕಲಿಸಿದ್ದರು. ಆದರೆ ನನ್ನ ಮೈದುನ, ನಿಮ್ಮ ಸಣ್ಣಜ್ಜ ಗುರುಬಸಪ್ಪ, ಹರಪನಹಳ್ಳಿಯಲ್ಲಿ ಅದಕ್ಕೆ ಗಿರಾಕಿಯನ್ನು ಗೊತ್ತುಮಾಡಿ ಬಂದಿದ್ದ. “ನಿಂತಲ್ಲೇ ತುಕ್ಕು ಹಿಡೀತೈತಿ, ನೀವು ಹೂಂ ಅನ್ರಿ ಅತ್ತಿಗಿ” ಎಂದ. ಸುಮಾ ಕಾರಿನ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ತಿರುಗುತ್ತಿದ್ದಳು. ಹೂಂ ಎನ್ನುವುದೊಂದೇ ನನಗೆ ಚೆನ್ನಾಗಿ ಬರುತ್ತಿದ್ದದ್ದು. ಒಬ್ಬರಿಗೆ ಬಾಯಲ್ಲಿ, ಒಬ್ಬರಿಗೆ ಕಣ್ಣಲ್ಲಿ, ಇಬ್ಬರಿಗೂ ಅಂದುಬಿಟ್ಟಿದ್ದೆ.

ಮಾರಲಿ, ಇಟ್ಟುಕೊಳ್ಳಲಿ, ಟೈರುಗಳನ್ನು ನೋಡಲೇಬೇಕಿತ್ತು. ಹೇಗೋ ಗಾಳಿ ತುಂಬಿಸಿ, ಮೂವರೂ ಹುಸೇನಸಾಬರ ಟೈರಂಗಡಿಗೆ ಹೋದೆವು. ಬೇವಿನ ನೆರಳು ತಪ್ಪಿ ಬಿಸಿಲಿಗೆ ಬಿದ್ದ ಬಲಗಡೆಯ ಎರಡು ಗಾಲಿಗಳು ಬೇಸಗೆಯ ಕೆರೆಯ ತಳದಂತೆ ಬಿರಿದಿದ್ದವು. ನೆರಳಿನಲ್ಲಿದ್ದ ಎಡಗಡೆಯ ಎರಡಕ್ಕೆ ಒಂದು ಬಿರುಕೂ ಇರಲಿಲ್ಲ.

“ಹೇಳ್ರಿ ಅವ್ವಾರ, ಮಾರೋ ಗಾಡಿನೋ, ಓಡ್ಸೋ ಗಾಡಿನೋ?” ಎಂದರು ಸಾಬರು. “ಮಾರೋದಿದ್ರ ಹಳೇ ಟೈರಿಗೆ ಹೊಸ ರಬ್ಬರ್ ಅಂಟ್ಸಿದ್ದು ಕೊಡ್ತೀನಿ, ನೋಡಾಕ ಮದುಮಗ ಇದ್ದಂಗ ಇರ್ತಾವು. ಓಡ್ಸೋದಿದ್ರ ಅವು ಬ್ಯಾಡ.”

“ಮಾರೋದು” ಎಂದ ಗುರುಬಸಪ್ಪ. ಸುಮಾಳ ಕೈ ಸೆರಗಿನ ಗಂಟಿಗೆ ಹೋಯಿತು. ಸಾಬರು ನನ್ನನ್ನೇ ನೋಡುತ್ತಿದ್ದರು, ಏಕೆಂದರೆ ಕಾರು ನನ್ನ ಹೆಸರಿಗಿತ್ತು.

ನನಗೋ ಗೋಡೆಯ ಉದ್ದಕ್ಕೂ ತೂಗುಬಿದ್ದ ಆ ಕರಿಯ ಉಂಗುರಗಳೆಲ್ಲ ಒಂದೇ ರೀತಿ ಕಾಣುತ್ತಿದ್ದವು. ಟ್ಯೂಬು ಇರುವುದು, ಇಲ್ಲದ್ದು, ಅಗಲದ್ದು, ಸಣ್ಣದು, ಪಕ್ಕೆಯ ಮೇಲೆ ಓದಲು ಬಾರದ ಅಕ್ಷರ. ಎತ್ತಾಗಿದ್ದರೆ ಹಲ್ಲು ನೋಡುತ್ತಿದ್ದೆ, ಸುಳಿ ನೋಡುತ್ತಿದ್ದೆ. ಎತ್ತಿನ ನೆನಪಾದದ್ದೇ ತಪ್ಪಾಯಿತು. ನನ್ನ ತವರಿನಲ್ಲಿ ಎಳೆಯ ಹೋರಿಯನ್ನು ಪಳಗಿಸುವಾಗ ನುರಿತ ಹಳೆಯ ಎತ್ತಿನ ಜೊತೆಗೆ ಹೂಡುತ್ತಿದ್ದರು. ಹಳೆಯದು ದಾರಿ ತೋರಿಸುತ್ತದೆ, ಹೊಸದು ಕಲಿಯುತ್ತದೆ. ಹಾಗೆ ಮಾಡಿದರೆ ಮಾರುವವನಿಗೂ ಇಟ್ಟುಕೊಳ್ಳುವವಳಿಗೂ ಅರ್ಧರ್ಧ ಹೂಂ ಅಂದಂತಾಯಿತಲ್ಲ ಎಂದು ನನ್ನ ಗೊಂದಲದ ತಲೆಗೆ ತೋಚಿತು.

“ಬಲಗಡಿಗೆ ಎರಡೂ ಹೊಸಾವು ಹಾಕ್ರಿ. ಎಡಗಡಿ ಹಳೇವು ಚಲೋ ಅದಾವು, ಇರ್ಲಿ. ಹೋರಿ ಸಂಗಾಟ ಹಳೇ ಎತ್ತು ಹೂಡ್ತಾರಲ್ರಿ, ಹಂಗ” ಎಂದೆ.

ಸಾಬರು ನಕ್ಕರು. “ಅವ್ವಾರ, ಗಾಲಿಗೆ ಗಾಲಿ ಪಾಠ ಹೇಳಂಗಿಲ್ರಿ. ಗಾಡಿ ಒಂದ ಕಡಿಗೆ ಎಳೀತೈತಿ.”

“ಹಾಕ್ರಿ” ಎಂದೆ. ಜನ್ಮದಲ್ಲಿ ಮೊದಲ ಸಲ ಹಟ ಹಿಡಿದದ್ದು, ಅದೂ ತಪ್ಪು ಮಾತಿಗೆ. ಗುರುಬಸಪ್ಪ, “ಅತ್ತಿಗಿ ಇನ್ನ ಲಾರಿ ಸಾವಕಾರ್ತಿ ಆಗೋದೊಂದ ಬಾಕಿ!” ಎಂದು ಸಾಬರ ಬೆಂಚಿನ ಮೇಲೆ ಕುಳಿತ. ಸಾಬರು ಹೇಳಿದಂತೆ ಹಾಕಿಕೊಟ್ಟು, “ನಿಧಾನಕ ಒಂದ ಸುತ್ತು ತಿರುಗಿ ಬರ್ರಿ, ಆಮ್ಯಾಲ ರೊಕ್ಕದ ಮಾತು” ಎಂದರು.

ಸುಮಾ ನಡೆಸಿದಳು, ನಾನು ಪಕ್ಕದಲ್ಲಿ ಕುಳಿತೆ. ಆ ಸೀಟಿನಲ್ಲಿ ಕೂತು ಎಷ್ಟು ಕಾಲವಾಗಿತ್ತೋ. ಹಡಗಲಿಯ ರಸ್ತೆಗೆ ಬೀಳುತ್ತಲೇ ಕಾರು ಎಡಕ್ಕೆ, ಹೊಲದ ಬದುವಿನ ಕಡೆಗೆ, ಮೇವು ಕಂಡ ದನದಂತೆ ವಾಲತೊಡಗಿತು. ಅದನ್ನು ದಾರಿಗೆ ತರಲು ಅವಳು ಎರಡೂ ಕೈಯಿಂದ ಸ್ಟೇರಿಂಗನ್ನು ಜಗ್ಗುತ್ತಿದ್ದಳು; ಮುಂಗೈಯ ನರ ಉಬ್ಬಿತ್ತು, ತುಟಿ ಬಿಗಿದಿತ್ತು. ಕೊನೆಗೆ, “ಅತ್ತಿ, ಹಳೇದು ಕಲಿಸವಲ್ದು, ಹೊಸಾದನ್ನೂ ತನ್ನ ಕಡೀಗೇ ಎಳ್ಕೊಂಡು ಹೊಂಟೈತಿ ನೋಡ್ರಿ” ಎಂದಳು. ಕಾರಿನ ಮಾತನ್ನೇ ಹೇಳಿದ್ದಳು, ಪಾಪ. ಆದರೆ ಯಾರನ್ನೂ ನೋಯಿಸಬಾರದೆಂದು ನಾನು ಆಡಿದ ಅರ್ಧ ಹೂಂ ಇದೆಯಲ್ಲ, ಅದರ ಪೂರ್ತಿ ಭಾರ ಆ ಎರಡು ಕೈಗಳ ಮೇಲೆ ಬಿದ್ದದ್ದು ನನಗೆ ಕಾಣುತ್ತಿತ್ತು.

“ತಿರುಗ್ಸವ್ವ” ಎಂದೆ.

ಅಂಗಡಿಯ ಮುಂದೆ ಇಳಿದವಳೇ, “ಓಡ್ಸೋ ಗಾಡಿರಿ ಇದು” ಎಂದೆ. ಗುರುಬಸಪ್ಪ, “ಹರಪನಹಳ್ಳ್ಯಾಗ ನಾನೇನ್ ಮುಖ ತೋರಿಸ್ಲಿ?” ಎಂದು ಗೊಣಗಿದ, ಎರಡು ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ, ಮೂರನೆಯ ದಿನ ತಾನೇ ಕೇಳಿ ಕುಡಿದ.

ಅವತ್ತು ಅಂಗಡಿಯಲ್ಲಿ ಎಡಗಡೆಯವೂ ಹೋಗಬೇಕು ಎಂದು ಸಾಬರು ಅಂದಾಗ ನಾನೂ ಗಿರಿಜಾಳ ಪ್ರಶ್ನೆಯನ್ನೇ ಕೇಳಿದ್ದೆ: ಇಷ್ಟು ಚೆನ್ನಾಗಿವೆಯಲ್ಲ? ಅವರು ಒಂದನ್ನು ಬಿಚ್ಚಿ, ನೆಲಕ್ಕೆ ಊರಿ ನಿಂತಿದ್ದ ಕಡೆ ನನ್ನ ಕೈಯಿಟ್ಟು ತೋರಿಸಿದರು. ಅಲ್ಲಿ ಗಾಲಿ ಚಪ್ಪಟೆಯಾಗಿತ್ತು. “ಓಡಿ ಸವದಿಲ್ರಿ ಇವು, ನಿಂತು ಕೆಟ್ಟುಹೋದ್ವು. ನೆಳ್ಳಾಗ ನಿಂತ್ರೂ ನಿಂತದ್ದು ನಿಂತದ್ದ” ಎಂದರು. ಆ ಒಂದನ್ನು ಕೇಳಿ ಮನೆಗೆ ತಂದೆ. ಏಕೆ ತಂದೆನೋ ಆಗ ತಿಳಿಯಲಿಲ್ಲ, ಈಗಲೂ ಅಷ್ಟಕ್ಕಷ್ಟೇ.

ಗೊಂದಲ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ನಿಮ್ಮಮ್ಮ ಶಾಲೆಗೆ ಮರಳುವ ಮೊದಲ ದಿನವೇ ಸೋಮವಾರ. ಸುಮಾ ಕೀಲಿ ಹಿಡಿದು ಅಂಗಳದಲ್ಲಿ ನಿಂತು, “ತೆಗೀಲೋ ಬ್ಯಾಡೋ ಅತ್ತಿ?” ಎಂದಳು. ನಿಮ್ಮಜ್ಜನ ನೇಮ ದೊಡ್ಡದೋ, ಸಾಬರ ಮಾತು ದೊಡ್ಡದೋ ನನಗೆ ಇನ್ನೂ ಬಗೆಹರಿದಿಲ್ಲ. ಅವರಂತೆಯೇ ಕಾರಿನ ಮೂತಿಗೆ ವಿಭೂತಿ ಹಚ್ಚಿದೆ. ಆಮೇಲೆ ಕೂಸನ್ನು ಎತ್ತಿಕೊಂಡು ನಾನೇ ಒಳಗೆ ಹತ್ತಿ ಕುಳಿತೆ. ಅವಳು ಪಾಠ ಹೇಳುವಷ್ಟು ಹೊತ್ತು ನಾನೂ ಗಿರಿಜಾಳೂ ಶಾಲೆಯ ಹುಣಸೆಮರದ ಕೆಳಗೆ; ಹಸಿದರೆ ಹಾಲು ಅಲ್ಲೇ ಹತ್ತಿರದಲ್ಲಿತ್ತು.

ಗಿರಿಜಾ, ಆ ಟೈರನ್ನು ಸುತ್ತಲೂ ಸವರಿ ನೋಡು, ಬಚ್ಚಲ ಕಲ್ಲಿನ ಕಡೆ ಅಂಗೈಯಗಲ ಚಪ್ಪಟೆಯಾಗಿರುವುದು ಸಿಗುತ್ತದೆ. ಇನ್ನು ಬರೆಯಲಾರೆ. ಇವತ್ತೂ ಸೋಮವಾರ, ನಿಮ್ಮಮ್ಮ ಹೊರಗೆ ಹಾರನ್ನು ಬಾರಿಸುತ್ತಿದ್ದಾಳೆ. ಮಾಗಳದಲ್ಲಿ ನನ್ನನ್ನು ಇಳಿಸಿ ಶಾಲೆಗೆ ಹೋಗುತ್ತಾಳಂತೆ. ಸಾರಿಗೆ ಕೊತ್ತಂಬರಿ ನೀವೇ ಕಿತ್ತುಕೊಳ್ಳಿ.