ಶಾಂತಕ್ಕನ ಮನೆಯ ಕಟ್ಟೆ

ಸುಜಾತಾ ಸಿಸ್ಟರ್, ಶಾಂತಕ್ಕನ ಮನೆ ಆವತ್ತು ಮಾರಾಟವಾಗಿರಲಿಲ್ಲ. ನಾನು ನಿಮಗೆ ಸುಳ್ಳು ಹೇಳಿದೆ. ಯಾರೂ ಬಂದಿರಲಿಲ್ಲ, ಯಾರೂ ಸಂಚಕಾರದ ಮುಂಗಡ ಕೊಟ್ಟಿರಲಿಲ್ಲ. ಆ ಮನೆ ನಿಮಗೆ ಸಿಗದ ಹಾಗೆ ನಾನೇ — ಈ ಕಲಾವತಿಯೇ — ನಿಮಗೊಂದು ಅವರಿಗೊಂದು ಹೇಳಿ ತಪ್ಪಿಸಿದೆ.

ಅದಾದ ಮೇಲೂ ನೀವು ನನ್ನ ಹತ್ತಿರವೇ ಬ್ಲೌಸ್ ಹೊಲಿಸುತ್ತಿದ್ದೀರಿ. ಹೋದ ಸಲ ಅಳತೆ ಕೊಡುತ್ತ ನಿಂತಾಗ ಅಂದಿರಿ, "ಮನಿ ತೋರಿಸೋ ಉಳದವ್ರು ಕೀಲಿ ಸಿಗವಲ್ದು ಅಂತ ಹೊರಗಿಂದ ಹೊರಗ ಕಳಿಸ್ಯಾರ್ರಿ. ನೀವರೆ ಒಳಗ ಕರ್ಕೊಂಡು ಹೋಗಿ ತೋರಿಸಿದ್ರಿ." ನಾನು ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆ ತಲೆಯಾಡಿಸಿದೆ. ಬಾಯಲ್ಲಿ ಪಿನ್ನಿದ್ದರೆ ಮಾತಾಡುವ ಕೆಲಸ ತಪ್ಪುತ್ತದೆ ನೋಡಿ.

ನಮ್ಮ ಆಳಂದದಲ್ಲಿ ಮನೆ ಮಾರುವವರು ಬಾಗಿಲಿಗೆ ಬೋರ್ಡು ಹಾಕುವುದಿಲ್ಲ. ಹಾಕಿದರೆ ಕೊಳ್ಳುವವರಿಗಿಂತ ಮೊದಲು, ಏನಾಯಿತಂತೆ ಅವರಿಗೆ ಅಂತ ಕೇಳುವವರು ಬರುತ್ತಾರೆ. ಮಾತು ಬಾಯಿಂದ ಬಾಯಿಗೆ ಹೋಗಬೇಕು. ನನ್ನ ಅಂಗಡಿಯಲ್ಲಿ ಅಳತೆಗೆ ಕೈ ಎತ್ತಿ ನಿಂತ ಹೆಂಗಸರು ಸುಮ್ಮನಿರುವವರಲ್ಲ — ಯಾರು ಮನೆ ಬಿಡುತ್ತಾರೆ, ಯಾರು ಹುಡುಕುತ್ತಿದ್ದಾರೆ, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಹೀಗೆ ಹೊಲಿಗೆಯವಳಾದ ನಾನು ಮನೆ ಹೊಂದಿಸುವವಳೂ ಆದೆ. ಜನ ಚೇಷ್ಟೆಗೆ ದಲಾಲಿ ಬಾಯಿ ಅಂದರು, ನಾನು ಉಬ್ಬಿದೆ.

ಆದರೆ ಈ ಕೆಲಸಕ್ಕೊಂದು ಪದ್ಧತಿ ಇದೆ. ಮನೆ ತೋರಿಸುವ ಮೊದಲು ನಗುನಗುತ್ತ ಕೇಳಬೇಕು: "ಯಾ ಊರ್ರಿ? ಯಾರ ಪೈಕಿರಿ?" ಉತ್ತರ ಬಂದರೆ ಯಾವ ಓಣಿ ತೋರಿಸಬೇಕು, ಯಾವುದು ಬೇಡ ಅನ್ನುವುದು ತಾನಾಗಿ ತೀರ್ಮಾನವಾಗುತ್ತದೆ. ಮಾರುವವರು ಯಾರಿಗೂ ಇಲ್ಲ ಅನ್ನಬೇಕಾಗಿಲ್ಲ, ಮುಖ ಕೆಡಿಸಿಕೊಳ್ಳಬೇಕಾಗಿಲ್ಲ. ಆ ಕೆಲಸಕ್ಕೇ ನಮ್ಮಂಥವರು ಇರುವುದು.

ನೀವು ಮಾತ್ರ ನಾನು ಕೇಳುವ ಮೊದಲೇ ಹೇಳಿದಿರಿ. "ನಮ್ದು ಭೂಸನೂರ್ರಿ. ನಾವು ದಲಿತರು, ಬೌದ್ಧರು. ಮೊದಲಾ ಹೇಳ್ತೇನಿ, ಆಮ್ಯಾಲ ಅವರಿಗೂ ತ್ರಾಸ ಬ್ಯಾಡ, ನಮಗೂ ಬ್ಯಾಡ." ಸರಕಾರಿ ದವಾಖಾನೆಯ ನರ್ಸು, ಊರಿನ ಅರ್ಧ ಕೂಸುಗಳನ್ನು ಮೊದಲು ಎತ್ತಿಕೊಂಡವರು, ಆದರೂ ಅದನ್ನು ಮೊದಲು ಹೇಳಬೇಕಾಗಿತ್ತು. ಎಂಥ ಮನೆ ಬೇಕೆಂದು ಕೇಳಿದೆ. "ದೊಡ್ಡದೇನ ಬ್ಯಾಡ್ರಿ. ಮುಂದೊಂದು ಕಟ್ಟಿ ಇರ್ಬೇಕು. ನಮ್ಮವ್ವ ಕಬ್ಬು ಕಡೀತಾ ಕಡೀತಾ ಜಲ್ಮ ಪೂರಾ ಮಂದಿ ಕಟ್ಟಿ ಮುಂದ ನಿಂತಾಳ. ತನ್ನ ಕಟ್ಟಿ ಮ್ಯಾಲ ಕೂತು ಓಣಿ ನೋಡ್ಬೇಕಂತ ಆಕಿ ಆಸೆ."

ಶಾಂತಕ್ಕನ ಮನೆಗೆ ಇದ್ದಂಥ ಕಟ್ಟೆ ನಮ್ಮ ಓಣಿಯಲ್ಲಿ ಇನ್ನೊಂದಿರಲಿಲ್ಲ. ಹಾಸುಗಲ್ಲು ಹಾಕಿ ಕಟ್ಟಿದ್ದು, ಮಧ್ಯಾಹ್ನದ ಹೊತ್ತಿಗೂ ತಣ್ಣಗೆ, ಮೇಲೆ ಬೇವಿನ ನೆರಳು. ಅವರ ಯಜಮಾನರ ಗೊಬ್ಬರದ ಅಂಗಡಿ ಜೇವರ್ಗಿಗೆ ಹೋಗಿತ್ತು, ಮನೆಯನ್ನೂ ಅಲ್ಲಿಗೇ ಬದಲಿಸುತ್ತಿದ್ದರು. ಲಿಂಗಾಯತರ ಮನೆತನ. ಬೇಡ ಅನ್ನುವ ಪಾಪವನ್ನು ಶಾಂತಕ್ಕನೇ ಹೊರಲಿ, ನನ್ನ ಮೇಲೆ ಮಾತು ಬೇಡ — ಹಾಗೆ ಅಂದುಕೊಂಡು ನಿಮ್ಮನ್ನು ಕರೆದುಕೊಂಡು ಹೋದೆ. ಅದು ನಿಮಗೆ ಉಪಕಾರದ ಹಾಗೆ ಕಂಡಿತು.

ಅಲ್ಲೂ ನೀವೇ ಹೇಳಿದಿರಿ, ನಾವು ಇಂಥವರು ಅಂತ. ಶಾಂತಕ್ಕ ಕೇಳಿಸಿಕೊಂಡು ಒಳಗೆ ಹೋದರು. ಬರುವಾಗ ಚಹಾ ತಂದರು. ನನಗೆ ಸ್ಟೀಲಿನ ಲೋಟದಲ್ಲಿ, ನಿಮಗೆ ಕಾಗದದ ಕಪ್ಪಿನಲ್ಲಿ. ನೀವು ಆ ಕಪ್ಪನ್ನೇ ಒಂದು ಗಳಿಗೆ ನೋಡಿದಿರಿ. ಆಮೇಲೆ ಕುಡಿದು, ಚಹಾ ಚಲೋ ಆಗಿದೆ ಅಂದಿರಿ. ಹೊರಗೆ ಬಂದು ಕಟ್ಟೆಯ ಮೇಲೆ ಅಂಗೈ ಇಟ್ಟು ಸವರಿದಿರಿ. ನಾನು ನೋಡಿಯೂ ನೋಡದ ಹಾಗೆ ಚಪ್ಪಲಿ ಹಾಕಿಕೊಂಡೆ.

ಮರುದಿನ ನಿಮಗೆ ಹೇಳಿದೆ, "ಮನಿ ಹೋಗ್ಯಾದ್ರಿ ಸಿಸ್ಟರ್, ಯಾರೋ ಸಂಚಕಾರ ಕೊಟ್ಟಾರಂತ." ಶಾಂತಕ್ಕನಿಗೆ ಹೇಳಿದೆ, "ಆಕಿ ಮನಸ್ಸಿಗೆ ಬರಲಿಲ್ಲಂತ್ರಿ ಅಕ್ಕಾ." ಎರಡು ಸಣ್ಣ ಮಾತು. ಯಾರಿಗೂ ನೋವಾಗಲಿಲ್ಲ, ಯಾರೂ ಜಗಳಾಡಲಿಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮುಂದೆ ಒಬ್ಬ ಸಿಮೆಂಟು ವ್ಯಾಪಾರಿಯನ್ನು ತಂದು ಮನೆಯ ವ್ಯವಹಾರ ಮುಗಿಸಿದೆ.

ಈಗ ಇಷ್ಟು ವರ್ಷದ ಮೇಲೆ, ಮೊನ್ನೆ ಶಾಂತಕ್ಕ ತಂಗಿಯ ಮಗಳ ಮದುವೆಯ ಬ್ಲೌಸ್ ಹೊಲಿಸಲು ಜೇವರ್ಗಿಯಿಂದ ಬಂದಿದ್ದರು. ಕೂತವರು ಇದ್ದಕ್ಕಿದ್ದಂತೆ ಕೇಳಿದರು.

"ಕಲಾ, ಆ ನರ್ಸಬಾಯಿ ನಮ್ಮ ಮನಿ ಯಾಕ ಒಲ್ಲೆ ಅಂದ್ಳ ಬೇ? ಕಾಗದದ ಕಪ್ಪಿನ್ಯಾಗ ಚಾ ಕೊಟ್ಟಿದ್ದಕ್ಕ ಬ್ಯಾಸರ ಮಾಡ್ಕೊಂಡ್ಲೇನು? ಭಾಂಡಿ ಎಲ್ಲಾ ಕಟ್ಟಿ ಜೇವರ್ಗಿಗೆ ಕಳಿಸಿಬಿಟ್ಟಿದ್ದೆ. ಉಳದದ್ದು ನಮ್ಮವ್ರು ದಿನಾ ಕುಡಿಯೋ ತಗ್ಗು ಬಿದ್ದ ಲೋಟ ಒಂದಾ. ಹೊಸದಾಗಿ ಮನಿಗೆ ಬಂದಾಕಿಗೆ ಅದು ಹ್ಯಾಂಗ ಕೊಡ್ಲಿ? ನೀ ಮನ್ಯಾಕಿ ಅಂತ ನಿನಗ ಕೊಟ್ಟೆ. ಮನಿ ಆಕಿಗೇ ಕೊಡ್ಬೇಕಂತ ನಾವು ಗಂಡ-ಹೆಂಡ್ತಿ ಮಾತಾಡ್ಕೊಂಡಿದ್ವಿ."

ನನ್ನ ಕಾಲು ಮಶಿನ್ನಿನ ಪೆಡಲಿನ ಮೇಲೆ ಹಾಗೇ ನಿಂತಿತು. ನಿಮ್ಮ ಮನಸ್ಸಿನಲ್ಲಿ ಆ ಕಾಗದದ ಕಪ್ಪು ಇತ್ತೋ ಏನೋ — ಅವರ ಮನಸ್ಸಿನಲ್ಲೂ ಇಷ್ಟು ದಿನ ಅದೇ ಕಪ್ಪು ಇತ್ತು. ಆಗಲೂ ನಾನು, "ಗೊತ್ತಿಲ್ರಿ ಅಕ್ಕಾ," ಅಂದೆ.

ಆ ಕಪ್ಪು ನನಗೆ ತಪ್ಪು ತಿಳಿವಳಿಕೆ ಕೊಟ್ಟಿತು ಅಂತ ಇಲ್ಲಿಗೆ ಮುಗಿಸಬಹುದು. ಮುಗಿಸಬೇಕು ಅನ್ನಿಸುತ್ತದೆ ಕೂಡ. ಆದರೆ — ಇಲ್ಲ, ಸಿಸ್ಟರ್. ಕಪ್ಪು ಬರುವ ಮೊದಲೇ ನನ್ನ ಮನಸ್ಸು ಇಲ್ಲ ಅಂದಿತ್ತು. ಕಪ್ಪು ನನಗೆ ನೆಪವಾಗಿ ಸಿಕ್ಕಿತು, ಕಂಡು ಹಗುರವೇ ಆಯಿತು. ನನ್ನ ಅಂಗಡಿಯನ್ನಷ್ಟೇ ಕಂಡ ನಿಮಗೆ ನಾನು ಹೇಳದೇ ಇದ್ದ ಒಂದು ಮಾತಿದೆ. ಶಾಂತಕ್ಕನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರು ಅಲ್ಲಿ ಒಗ್ಗರಣೆ ಹಾಕಿದರೆ ನಾನು ಇಲ್ಲಿ ಸೀನುತ್ತಿದ್ದೆ. ನೀವು ಬಂದರೆ ನಿಮ್ಮ ಬಗಲ ಮನೆಯವಳು ನಾನು. ಓಣಿಯವರು ಒಪ್ಪುವುದಿಲ್ಲ, ಓಣಿಯವರು ಏನಂದಾರು — ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆ! ಓಣಿಯಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಒಪ್ಪದೇ ಇದ್ದದ್ದು ನಾನು. ನಿಮ್ಮ ಕೈಯಿಂದ ಇಂಜೆಕ್ಷನ್ ತೆಗೆದುಕೊಂಡವಳು, ನಿಮ್ಮ ಗೋಡೆಗೆ ಒರಗಿ ಮಲಗಲು ಹಿಂಜರಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ, ಆಗಬೇಕಾದ್ದೇ.

ಭಾನುವಾರ ಶಾಂತಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನನ್ನ ಹೆಸರು ಯಾಕ ಕೆಡಿಸಿದಿ ಬೇ?" ಅಂದು ಫೋನ್ ಇಟ್ಟರು.

ಆ ಸಿಮೆಂಟು ವ್ಯಾಪಾರಿ ಟೆಂಪೊ ನಿಲ್ಲಿಸಲು ಜಾಗ ಸಾಲದೆಂದು ಕಟ್ಟೆಯನ್ನು ಒಡೆಸಿದ್ದಾನೆ. ಹಾಸುಗಲ್ಲುಗಳು ಚರಂಡಿಯ ಮೇಲೆ ಬಿದ್ದಿವೆ, ನಾನು ದಿನಾ ಅವುಗಳ ಮೇಲೇ ಕಾಲಿಟ್ಟು ದಾಟುತ್ತೇನೆ. ಪೇಟೆಗೆ ಹೋಗುವಾಗ ನಿಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲ್ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಿಮ್ಮ ಅವ್ವ ಕೂತಿರುತ್ತಾರೆ. ಮೊಣಕಾಲು ನೋವು, ಕೆಳಗೆ ಇಳಿಯಲಾರರು. ನನ್ನನ್ನು ಕಂಡರೆ ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ.

ನಾಳೆ ಕೈ ಎತ್ತಿ ಮುಂದೆ ಹೋಗುವುದಿಲ್ಲ. ಮೆಟ್ಟಿಲು ಹತ್ತಿ ಬಂದು, ಇಲ್ಲಿ ಬರೆದದ್ದನ್ನೆಲ್ಲ ನಿಮ್ಮಿಬ್ಬರ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ನೀವು ಬೈದರೂ ಸರಿ, ಬಾಗಿಲು ಹಾಕಿದರೂ ಸರಿ. ನನ್ನ ಮನೆಗೂ ಒಂದು ಸಣ್ಣ ಕಟ್ಟೆ ಇದೆ, ಅವ್ವನನ್ನು ಅಲ್ಲಿ ಕೂಡಲು ಕರೆಯಲೇ ಅಂತ ಯೋಚಿಸಿದೆ. ಕರೆಯಲಾರೆ. ಅವರು ಆಸೆಪಟ್ಟದ್ದು ಯಾರೂ ಕರೆಯದೆ ಕೂಡಬಹುದಾದ ಕಟ್ಟೆಗೆ. ಅದು ಸಿಕ್ಕಿತ್ತು, ನಾನು ಕೊಡಲಿಲ್ಲ.