ಕೀಳಬಾರದ ಪಾತಿ

ಸೂಜಿಯಕ್ಕ ಆ ಮನೆಗೆ ಬಂದಾಗ ಅವಳ ಜೊತೆ ಬಂದದ್ದು ಒಂದು ಹೊಲಿಗೆ ಯಂತ್ರ, ಎರಡು ಪೆಟ್ಟಿಗೆ ಬಟ್ಟೆ, ಕೊರಳಲ್ಲಿ ನೇತಾಡುವ ಅಳತೆ ಟೇಪು, ಇಷ್ಟೇ. ನಲವತ್ತೊಂದನೆಯ ವಯಸ್ಸಿನಲ್ಲಿ ಮದುವೆಯಾಗುವ ಹೆಂಗಸಿಗೆ ಇನ್ನೇನು ದಿಬ್ಬಣ! ಗಂಡ ಬಸ್ ಡ್ರೈವರ್. ಒಳ್ಳೆಯವನು, ಬಾಯಿಗಿಂತ ಹಾರನ್ನಿನಲ್ಲೇ ಹೆಚ್ಚು ಮಾತಾಡುವವನು. ಅವನ ಮೊದಲ ಹೆಂಡತಿ ತೀರಿಕೊಂಡು ವರ್ಷ ದಾಟಿತ್ತು. ಮಗಳಿಗೆ ಆಗ ಹದಿನಾಲ್ಕು.

ಯಂತ್ರವನ್ನು ಮುಂದಿನ ಕೋಣೆಯ ಕಿಟಕಿಗೆ ಹಚ್ಚಿ ಇಟ್ಟುಕೊಂಡಳು. ಮನೆಯ ಹಿಂದೆ, ಅಡುಗೆಮನೆಯ ಬಾಗಿಲು ತೆರೆದರೆ ಕೈತೋಟ. ಎರಡು ಸಾಲು ಬದನೆ, ಒಂದಿಷ್ಟು ಕೊತ್ತಂಬರಿ, ಅಡುಗೆಮನೆಯ ಕಿಟಕಿಯ ಕೆಳಗೇ ಉದ್ದಕ್ಕೆ ಒಂದು ಪಾತಿ ಲೀಕ್. ಲೀಕ್ ಎಂದರೆ ಈರುಳ್ಳಿಯ ವಂಶದ್ದೇ, ಆದರೆ ಗುಂಡಗೆ ಗಡ್ಡೆ ಕಟ್ಟುವುದಿಲ್ಲ. ಮಣ್ಣೊಳಗೆ ಬಿಳಿ ಕೋಲಿನಂಥ ಕಾಂಡ, ಮೇಲೆ ಬೀಸಣಿಗೆ ಬಿಚ್ಚಿದಂತೆ ಅಗಲ ಎಲೆ.

ಬಂದ ವಾರದಲ್ಲೇ ಅವಳಿಂದ ತಪ್ಪು ನಡೆಯಿತು. ಆಲೂಗಡ್ಡೆಯ ಜೊತೆ ಬೇಯಿಸೋಣವೆಂದು ಹೋದವಳು ಮೂಲಂಗಿ ಕೀಳುವ ಹಾಗೆ ಒಂದು ಲೀಕನ್ನು ಬುಡ ಹಿಡಿದು ಎಳೆದಳು. ಬೇರಿನ ಗಡ್ಡದ ಸಮೇತ ಅದು ಕೈಗೆ ಬಂತು. ಹಿಂದಿನಿಂದ ಹುಡುಗಿಯ ಧ್ವನಿ ಕೇಳಿಸಿತು.

“ಕಿತ್ತೇಬಿಟ್ರಾ?”

“ಅಡುಗೆಗೆ ಬೇಕಿತ್ತಲ್ಲ ಮಗು…”

“ಇದನ್ನ ಯಾರೂ ಕೀಳಲ್ಲ. ಕೊಯ್ತಾರೆ. ಅಮ್ಮ ಒಂದು ದಿನಾನೂ ಕಿತ್ತಿಲ್ಲ.”

ಹುಡುಗಿ ಅದನ್ನು ಅವಳ ಕೈಯಿಂದ ಕಸಿದುಕೊಂಡು ಅದೇ ಗುಳಿಗೆ ಇಳಿಸಿ, ಎರಡೂ ಅಂಗೈಯಿಂದ ಮಣ್ಣು ಒತ್ತಿದಳು. ಜ್ವರದ ಮಗುವಿಗೆ ಹೊದಿಕೆ ಹೊದಿಸುವ ಹಾಗಿತ್ತು ಅದು. ಸೂಜಿಯಕ್ಕನಿಗೆ ನಿಂತಲ್ಲೇ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಆಮೇಲೆ ನೋಡಿ ನೋಡಿ ಕಲಿತಳು. ಎಲ್ಲರೂ ಲೀಕನ್ನು ವರ್ಷವರ್ಷ ಬಿತ್ತಿ, ಒಂದೇ ಸಲ ಕಿತ್ತು, ಪಾತಿ ಖಾಲಿ ಮಾಡುತ್ತಾರೆ. ಆ ತಾಯಿ ಹಾಗಲ್ಲ. ನೆಲದಿಂದ ಎರಡು ಬೆರಳು ಮೇಲೆ ಚಾಕು ಇಟ್ಟು ಕೊಯ್ದು, ಬೇರನ್ನು ಮಣ್ಣಲ್ಲೇ ಬಿಡುತ್ತಿದ್ದಳಂತೆ. ಉಳಿದ ಬೇರು ಮತ್ತೆ ಚಿಗುರುತ್ತದೆ. ಬುಡದ ಸುತ್ತ ಮುತ್ತಿನಂಥ ಮರಿಗಡ್ಡೆ ಕಟ್ಟಿ, ಅವೂ ಎಲೆ ಬಿಡುತ್ತವೆ. ಒಮ್ಮೆ ನೆಟ್ಟದ್ದು ಏಳು ವರ್ಷದಿಂದ ಮನೆಯವರಿಗೆ ಅನ್ನದ ಜೊತೆ ಬರುತ್ತಲೇ ಇತ್ತು. ಅಂದರೆ, ಯೋಚಿಸಿದರೆ, ತೀರಿಹೋದವಳು ಇನ್ನೂ ದಿನಾ ತಟ್ಟೆಗೆ ಬಡಿಸುತ್ತಲೇ ಇದ್ದಳು. ಸೂಜಿಯಕ್ಕನ ತಟ್ಟೆಗೂ.

ಈ ಯೋಚನೆ ಒಮ್ಮೆ ಹೊಕ್ಕಮೇಲೆ ಅವಳನ್ನು ಬಿಡಲಿಲ್ಲ. ಕೊಯ್ದ ಮಾರನೆಯ ಬೆಳಿಗ್ಗೆ ನೋಡಿದರೆ ಕತ್ತರಿಸಿದ ಜಾಗದ ನಡುವಿನಿಂದ ಉಗುರುದ್ದದ ಬಿಳಿ ಸುಳಿ ಎದ್ದಿರುತ್ತಿತ್ತು. ಮುಷ್ಟಿಯಿಂದ ಯಾರೋ ಬೆರಳು ಚಾಚಿದ ಹಾಗೆ. ಯಂತ್ರ ತುಳಿಯುತ್ತಿರುವಾಗ ಹಿಂದೆ ತೋಟದಲ್ಲಿ ಸರ್ರ್ ಸರ್ರ್ ಎಂದು ಮಣ್ಣು ಕೆರೆಯುವ ಸದ್ದು ಕೇಳಿದಂತಾಗುತ್ತಿತ್ತು. ಕಾಲು ನಿಲ್ಲಿಸಿದರೆ ಆ ಸದ್ದು ಒಂದು ಕ್ಷಣ ಮುಂದುವರಿದು, ತಾನೂ ನಿಲ್ಲುತ್ತಿತ್ತು. ಒಣಗಿದೆಲೆ ಗೋಡೆಗೆ ಉಜ್ಜುತ್ತದೆ ಎಂದು ಅವಳಿಗೂ ಗೊತ್ತು. ಗೊತ್ತಿದ್ದರೆ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತದೆಯೇ? ಪಾತ್ರೆ ತೊಳೆಯುತ್ತ ಕಿಟಕಿಗೆ ಬೆನ್ನು ಮಾಡಿದಾಗಲೆಲ್ಲ ಹೊರಗೆ ಯಾರೋ ಬಗ್ಗಿದ್ದವರು ನೆಟ್ಟಗೆ ನಿಂತು, ತನ್ನ ಕೈಕೆಲಸ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಕುಪ್ಪಸ ಹೊಲಿಸಲು ಬಂದ ಟೀಚರಮ್ಮ ಅವಳ ಮುಖ ನೋಡಿ ಏನಾಯಿತೆಂದು ಕೇಳಿದಳು. ಇವಳು ಹೇಳಿದಳು.

“ಸವತಿ ಮಣ್ಣಿನವಳಾದ್ರೂ ಸವತೀನೇ ಕಣಮ್ಮ,” ಎಂದು ನಕ್ಕಳು ಟೀಚರಮ್ಮ. “ಒಂದಿನ ಗುದ್ದಲಿ ತಗೊಂಡು ಎಲ್ಲಾ ತೆಗೆದು ಬಿಸಾಕು. ಟೊಮೇಟೊ ಹಾಕು.”

“ಅಯ್ಯೋ, ಆ ಮಗೂಗೆ ಇರೋದು ಅದೊಂದೇ.”

ಹುಡುಗಿ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಅಮ್ಮ ಇಲ್ಲ, ಚಿಕ್ಕಮ್ಮ ಇಲ್ಲ. “ಇಲ್ನೋಡಿ” ಎಂದರೆ ಮುಗಿಯಿತು. ಒರಟಿಲ್ಲ, ಜಗಳವಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಜೊತೆ ಇರುವಷ್ಟು ಮರ್ಯಾದೆ. ಶಾಲೆಯಿಂದ ಬಂದವಳೇ ಚೀಲ ಎಸೆದು ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲೆಗಳ ಹತ್ತಿರ ಬಾಯಿಟ್ಟು ಏನೋ ಪಿಸುಗುಟ್ಟುತ್ತಿದ್ದಳು. ಕೇಳಿಸಿಕೊಳ್ಳಬಾರದೆಂದು ಸೂಜಿಯಕ್ಕ ಆ ಹೊತ್ತಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು. ಹೊಲಿಯಲು ಬಟ್ಟೆ ಇಲ್ಲದಿದ್ದರೂ.

ಮೂರನೆಯ ವರ್ಷ ಲೀಕ್ ಸೊರಗಿತು. ಹೆಬ್ಬೆರಳ ದಪ್ಪ ಬರುತ್ತಿದ್ದ ಕಾಂಡ ಕಿರುಬೆರಳಾಯಿತು, ಆಮೇಲೆ ಹುಲ್ಲಿನಂತಾಯಿತು. ತುದಿ ಹಳದಿ, ಬುಡದಲ್ಲಿ ಮುಗ್ಗಿದ ವಾಸನೆ. ಹುಡುಗಿ ಗೊಬ್ಬರ ಹಾಕಿದಳು, ಬೂದಿ ಹಾಕಿದಳು, ಕೊಡಗಟ್ಟಲೆ ನೀರು ಸುರಿದಳು. ನೀರು ಹೆಚ್ಚಿದಷ್ಟೂ ಅದು ಮತ್ತಷ್ಟು ಕೊಳೆಯಿತು. ಒಂದು ಸಂಜೆ ತಟ್ಟೆಯ ಮುಂದೆ ಕೂತವಳು ಅನ್ನ ಕಲಸಿ ಹಾಗೇ ಬಿಟ್ಟು, “ಹೋಗ್ತಿದ್ದಾಳೆ,” ಎಂದಳು. ಅಪ್ಪ ತಲೆ ಎತ್ತಲಿಲ್ಲ. “ಇವರು ಅವತ್ತು ಕಿತ್ತರಲ್ಲ, ಅವತ್ತಿಂದಾನೇ,” ಎಂದು ಎದ್ದು ಹೋದಳು.

ಸೂಜಿಯಕ್ಕ ಗಂಡನ ಮುಖ ನೋಡಿದಳು. “ನೀವಾದ್ರೂ ಒಂದು ಮಾತು ಹೇಳಬಾರದಾ?”

“ಆ ಪಾತಿ ವಿಷಯಕ್ಕೆ ನಾನು ಬರಲ್ಲ,” ಎಂದ ಅವನು. ತಟ್ಟೆ ಸರಿಸಿ, “ನಾನು ಆ ಕಡೆ ಕಾಲಿಟ್ಟು ನಾಲ್ಕು ವರ್ಷ ಆಯ್ತು. ಹಲ್ಲುಜ್ಜೋದೂ ಮುಂದಿನ ನಲ್ಲೀಲೇ ಅಲ್ವಾ,” ಎಂದ. ಅವಳು ಅದನ್ನು ದಿನಾ ನೋಡುತ್ತಿದ್ದಳು, ಯಾಕೆಂದು ಕೇಳಿರಲಿಲ್ಲ. ಹೆದರುವವಳು ತಾನೊಬ್ಬಳೇ ಅಲ್ಲವೆಂದು ಆಗ ತಿಳಿಯಿತು.

ಮರುದಿನ ಅವಳು ನರ್ಸರಿಗೆ ಹೋದಳು. ಆ ಪಾತಿಗೆ ಮೊದಲು ಸಸಿ ಕೊಟ್ಟವನು ಅಲ್ಲಿನ ಅಜ್ಜನೇ. ಅವನಿಗೆ ಎಡಗಿವಿ ಮಂದ. ಬಲಗಿವಿಯ ಕಡೆ ಬಂದು ನಿಲ್ಲದವರಿಗೆ ಅವನು ಸುಮ್ಮನೆ “ಹೌದೌದು” ಎನ್ನುತ್ತಿದ್ದ. ಕಿತ್ತ ಒಂದು ಹಳದಿ ಎಲೆ ತೋರಿಸಿದಳು.

“ನಾನು ಅವತ್ತು ಕಿತ್ತಿದ್ದಕ್ಕೇ ಹೀಗಾಯ್ತಾ ಅಜ್ಜ?”

“ಒಂದು ಕಿತ್ತರೆ ಊರು ಹಾಳಾಗುತ್ತಾ ತಾಯಿ? ಇಕ್ಕಟ್ಟು ಇದು, ಇಕ್ಕಟ್ಟು! ಒಂದು ಮಂಚದಲ್ಲಿ ಎಷ್ಟು ಜನ ಮಲಗ್ತಾರೆ ಹೇಳು? ಮರಿ ಮೇಲೆ ಮರಿ ಕಟ್ಟಿ ಒಂದರ ಕತ್ತು ಇನ್ನೊಂದು ಹಿಸುಕ್ತಾ ಇದೆ. ಎರಡು ಮೂರು ವರ್ಷಕ್ಕೊಂದು ಸಲ ಇಡೀ ಬುಡ ಅಗೆದು ಎತ್ತಬೇಕು, ಬಿಡಿಸಿ ಬೇರೆ ಜಾಗದಲ್ಲಿ ನೆಡಬೇಕು. ಹಳೇ ಮಣ್ಣು ಬೇಡ, ಕೊಳೆರೋಗ ಅಲ್ಲೇ ಕೂತಿರುತ್ತೆ. ಆಯಮ್ಮ ಇದ್ದಾಗ ಎರಡು ಸಲ ಮಾಡಿದ್ರು. ಅವರು ಹೋದ್ಮೇಲೆ ಯಾರು ಮಾಡಿದ್ರು?”

“ಮಗಳಿಗೆ ಹೇಳಬಾರದಿತ್ತಾ?”

“ಹೇಳ್ದೆ. ‘ಅಮ್ಮನ್ನ ಅಗೀಬೇಕಾ?’ ಅಂದ್ಲು. ನನಗೆ ಎರಡೂ ಕಿವಿ ಮಂದ ಆಗಿದ್ರೆ ಚೆನ್ನಾಗಿತ್ತು ಅನ್ನಿಸ್ತು.” ಅಜ್ಜ ಎಲೆಯನ್ನು ಹಿಂದಕ್ಕೆ ಕೊಟ್ಟ. “ಈ ತಿಂಗಳು ದಾಟಿದ್ರೆ ಬುಡದಲ್ಲಿ ಏನೂ ಉಳಿಯಲ್ಲ.”

ಬರುವ ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಪಾತಿ ಸಾಯುತ್ತದೆ, ತಪ್ಪು ತನ್ನ ತಲೆಗೆ. ಅಗೆದರೆ, ಬದುಕುತ್ತದೋ ಇಲ್ಲವೋ, ಕೊಂದವಳು ತಾನೇ. ಹೇಗೂ ಆ ಹುಡುಗಿ ತನಗೆ ದಕ್ಕುವುದಿಲ್ಲ. ಆದರೆ ತಾಯಿಯಾದರೂ ಮಗಳಿಗೆ ಉಳಿಯಬಹುದಲ್ಲ. ಕದ್ದು ಮಾಡುವುದು ಬೇಡ ಎಂದುಕೊಂಡಳು.

ರಜೆಯ ದಿನ ಬೆಳಿಗ್ಗೆ ಹುಡುಗಿಗೆ ಕಾಫಿ ಕೊಟ್ಟು, “ಇವತ್ತು ಆ ಪಾತಿ ಅಗೀತೀನಿ,” ಎಂದಳು. ಅಜ್ಜ ಹೇಳಿದ್ದನ್ನೆಲ್ಲ ಹೇಳಿದಳು.

“ಮುಟ್ಟಿದ್ರೆ ನಾನು ಈ ಮನೇಲಿ ಇರಲ್ಲ.”

“ಇರಬೇಡ. ಆದ್ರೆ ನೋಡ್ಕೊಂಡು ಹೋಗು. ನಾನು ಏನು ಮಾಡಿದೆ ಅಂತ ನಿನಗೆ ಗೊತ್ತಿರಲಿ.”

ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ, ಕೈಕಟ್ಟಿ ನಿಂತಳು. ಹೊಸ ಬಟ್ಟೆಗೆ ಕತ್ತರಿ ಇಡುವ ಮೊದಲು ಹೇಳಿಕೊಳ್ಳುವುದನ್ನೇ ಸೂಜಿಯಕ್ಕ ಈಗಲೂ ಹೇಳಿಕೊಂಡಳು: ದೇವರೇ, ಕೈ ನನ್ನದು, ಕೆಲಸ ನಿನ್ನದು. ಗುದ್ದಲಿಯನ್ನು ಬುಡದಿಂದ ದೂರಕ್ಕೆ ಊರಿ ಮೀಟಿದಳು. ಮಣ್ಣು ನಿಟ್ಟುಸಿರು ಬಿಟ್ಟಂತೆ ಬಿಚ್ಚಿತು. ತಲೆಯೊಳಗೆ ಆ ಸರ್ರ್ ಸರ್ರ್ ಸದ್ದು, ಹೆಗಲ ಹಿಂದೆ ಆ ನೋಟ. ತಿರುಗಿ ನೋಡಿದರೆ ಹುಡುಗಿ. ಮತ್ತೆ ಬಗ್ಗಿದರೆ, ಹುಡುಗಿಯ ಹಿಂದೆ ಇನ್ನೊಬ್ಬರು.

ಮೊದಲ ಬುಡ ಹೊರಗೆ ಬಂತು. ನಡುವೆ ತಾಯಿಗಿಡ ಕರಗಿ ಕಂದು ಲೋಳೆಯಾಗಿತ್ತು. ಅದರ ಸುತ್ತ ಒತ್ತಿಕೊಂಡು, ಉಸಿರು ಕಟ್ಟಿ, ಹತ್ತಾರು ಮರಿಗಡ್ಡೆಗಳು. ಒಂದನ್ನು ಸೆರಗಿನಲ್ಲಿ ಒರೆಸಿದಳು. ಹಾಲುಹಲ್ಲಿನಷ್ಟು ಬೆಳ್ಳಗಿತ್ತು.

“ಇಷ್ಟು ಹಾಳಾಗಿತ್ತಾ?” ಹುಡುಗಿ ಯಾವಾಗ ಬಂದು ಕೂತಳೋ ಗೊತ್ತಾಗಲಿಲ್ಲ. “ನಾನು ದಿನಾ ನೀರು ಹಾಕ್ತಿದ್ದೆ. ಇದರ ಮೇಲೇ ಹಾಕ್ತಿದ್ದೆ.”

“ನಿನಗೆ ಕಾಣ್ತಿರಲಿಲ್ಲ ಮಗು. ಮಣ್ಣೊಳಗಿನದು ದೇವರಿಗೊಬ್ಬನಿಗೇ ಕಾಣೋದು.”

ಆಮೇಲೆ ಒಬ್ಬಳು ಎತ್ತಿದಳು, ಒಬ್ಬಳು ಬಿಡಿಸಿದಳು. ಕೊಳೆತದ್ದು ಒಂದು ಕಡೆ, ಗಟ್ಟಿಯಿರುವುದು ಮೊರಕ್ಕೆ. ಎಣಿಸಿದರೆ ನಲವತ್ತೊಂಬತ್ತು. ಬಿಸಿಲು ಬೀಳುವ ಇನ್ನೊಂದು ಜಾಗ ಮನೆಗೆ ಒಂದೇ ಇತ್ತು: ಮುಂದೆ, ಹೊಲಿಗೆ ಯಂತ್ರದ ಕಿಟಕಿಯ ಕೆಳಗೆ. ಅಲ್ಲೇ ನೆಟ್ಟರೆ ದಿನವಿಡೀ ಅದರ ಎದುರಿಗೇ ಕೂರಬೇಕು. ಸೂಜಿಯಕ್ಕ ಮೊರ ಎತ್ತಿಕೊಂಡು ಅಲ್ಲಿಗೇ ನಡೆದಳು.

ಕೊರಳ ಟೇಪು ತೆಗೆದು ಮಣ್ಣಿನ ಮೇಲೆ ಹಾಸಿ, “ಎಷ್ಟು ದೂರ ಬಿಡೋಣ? ಆರಿಂಚು?” ಎಂದಳು.

“ಟೇಪು ಅಲ್ಲ. ಅಮ್ಮ ಗೇಣು ಹಾಕ್ತಿದ್ಲು.”

ಹುಡುಗಿ ಎದ್ದು ಮತ್ತೆ ಹಿಂದಿನ ಪಾತಿಗೆ ಹೋದಳು. ತುಂಬ ಹೊತ್ತಾದರೂ ಬರಲಿಲ್ಲ. ಸೂಜಿಯಕ್ಕ ಹೋಗಿ ನೋಡಿದರೆ, ಅವಳು ಖಾಲಿ ಗುಳಿಗಳ ಮುಂದೆ ಮಂಡಿಯೂರಿ, ಒಂದು ಗುಳಿಯ ನಡುವೆ ಹೆಬ್ಬೆರಳು, ಮುಂದಿನ ಗುಳಿಯ ನಡುವೆ ಕಿರುಬೆರಳು ಊರಿ ಕೂತಿದ್ದಳು. ಅಮ್ಮನ ಗೇಣಿಗೂ ಅವಳ ಗೇಣಿಗೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಕೈ ತೆಗೆದು ಮುಂದಿನದಕ್ಕೆ ಇಟ್ಟಳು. ಅಲ್ಲೂ ಅಷ್ಟೇ.

“ನನ್ನ ಕೈ ಯಾವಾಗ ಇಷ್ಟಾಯ್ತು?” ಎಂದಳು, ಹೆದರಿದವಳಂತೆ. ಬಿಚ್ಚಿದ ಆ ಕೈಯನ್ನು ತನ್ನದಲ್ಲವೆಂಬಂತೆ ನೋಡಿದಳು.

ಸೂಜಿಯಕ್ಕನೂ ಆ ಕೈ ನೋಡಿದಳು. ಮೂರು ವರ್ಷದಿಂದ ಕಿಟಕಿಯಾಚೆ ಹುಡುಕಿದ್ದು ತಟ್ಟೆ ಹಿಡಿದು ದಿನಾ ತನ್ನ ಮುಂದೆಯೇ ಕೂರುತ್ತಿತ್ತು. “ಬಾ,” ಎಂದಳು. “ನೀನು ಅಳತೆ ಹಾಕು. ನಾನು ನೆಡ್ತೀನಿ.”

ಮೂರೇ ದಿನಕ್ಕೆ ನೆಟ್ಟ ಮರಿಗಳ ಎಲೆಯೆಲ್ಲ ಬಾಡಿ ಅಡ್ಡಬಿತ್ತು. ಹುಡುಗಿ ಮನೆ ಬಿಟ್ಟು ಹೋಗಲಿಲ್ಲ, ಮಾತೂ ಆಡಲಿಲ್ಲ. ಹನ್ನೊಂದು ದಿನ ಸೂಜಿಯಕ್ಕ ಕಿಟಕಿಯಲ್ಲಿ ಕೂತು ಸತ್ತಂತಿದ್ದ ಸಾಲುಗಳನ್ನು ನೋಡುತ್ತ ಹೊಲಿದಳು. ಟೀಚರಮ್ಮನ ಕುಪ್ಪಸಕ್ಕೆ ತೋಳು ಉಲ್ಟಾ ಹಚ್ಚಿದಳು.

ಹನ್ನೆರಡನೆಯ ಬೆಳಿಗ್ಗೆ ತಲೆ ಎತ್ತಿದರೆ ಹೊರಗೆ ಯಾರೋ ಹೆಂಗಸು ಬೆನ್ನು ಮಾಡಿ, ಬಗ್ಗಿ, ನೆಲದ ಮೇಲೆ ಗೇಣು ಹಾಕುತ್ತಿದ್ದಳು. ಅವಳು ಯಂತ್ರ ತುಳಿಯುವುದನ್ನು ನಿಲ್ಲಿಸಿದಳು. ಆ ಹೆಂಗಸು ತಿರುಗಿದಾಗ ಅದು ಹುಡುಗಿಯ ಮುಖ.

“ನಲವತ್ತಾರು ಸುಳಿ ಬಿಟ್ಟಿದೆ,” ಎಂದಳು ಕಿಟಕಿಯ ಸರಳು ಹಿಡಿದು. “ಮೂರು ಹೋಯ್ತು.”

“ಯಾವ ಮೂರು?”

“ಇನ್ಯಾವುದು? ಕೊನೇಲಿ ಸುಸ್ತಾಯ್ತು ಅಂತ ಮೇಲ್ಮೇಲೆ ತುರುಕಿದ್ರಲ್ಲ, ಅವೇ. ಗಿಡ ನೆಡೋದು ಅಂದ್ರೆ ಕಾಜಾ ಹಾಕಿದ ಹಾಗಾ?”

ಸೂಜಿಯಕ್ಕನಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಹುಡುಗಿ ಅಲ್ಲೇ ನಿಂತಿದ್ದಳು, ಇನ್ನೇನೋ ಹೇಳಬೇಕಿತ್ತು.

“ಹಿಂದೆ… ಆ ಖಾಲಿ ಪಾತೀಲಿ ಒಂದು ಬಂದಿದೆ. ನಾವೇನೂ ಬಿಟ್ಟಿರ್ಲಿಲ್ಲ ಅಲ್ವಾ? ಎಲ್ಲಾ ಜರಡಿ ಹಿಡಿದ ಹಾಗೆ ನೋಡಿದ್ವಿ.” ಧ್ವನಿ ತಗ್ಗಿತು. “ಅದನ್ನೂ ಎತ್ತಿ ಇಲ್ಲಿಗೆ ತರೋಣ್ವಾ? ನೀವೇ ಹೇಳಿ.”

ಇಬ್ಬರೂ ಹಿಂದಕ್ಕೆ ಹೋಗಿ ನೋಡಿದರು. ಕೆದರಿದ ಮಣ್ಣಿನ ನಟ್ಟನಡುವೆ, ಯಾವ ಗುಳಿಯಲ್ಲೂ ಅಲ್ಲದ ಜಾಗದಲ್ಲಿ, ಒಂಟಿ ಸುಳಿ ನೆಟ್ಟಗೆ ನಿಂತಿತ್ತು.

“ಬೇಡ,” ಎಂದಳು ಸೂಜಿಯಕ್ಕ. “ಅವರಿಗೆ ಅಲ್ಲೇ ಇರೋಕೆ ಮನಸ್ಸಿದ್ರೆ ಇರಲಿ.”

ಅದು ಈಗಲೂ ಅಲ್ಲೇ ಇದೆಯಂತೆ, ಯಾರೂ ಕೊಯ್ಯುವುದಿಲ್ಲ. ಮುಂದಿನ ಪಾತಿಯದನ್ನು ವಾರಕ್ಕೆರಡು ಸಲ ಇಬ್ಬರೂ ಸೇರಿ ಕೊಯ್ಯುತ್ತಾರೆ, ತಿನ್ನುತ್ತಾರೆ. ಆದರೆ ಅಡುಗೆಮನೆಯ ಆ ಕಿಟಕಿಗೆ ಬೆನ್ನು ಹಾಕಿ ಹೆಚ್ಚು ಹೊತ್ತು ನಿಲ್ಲುವುದು ಸೂಜಿಯಕ್ಕನಿಗೆ ಇವತ್ತಿಗೂ ಆಗುವುದಿಲ್ಲ.