ಘಾಟ್ಕೋಪರ್ ಬಂದಾಗ ಎದ್ದು ನಿಲ್ಲುತ್ತಿದ್ದ ನಮ್ಮ ಬಸಣ್ಣ

ಇಲ್ಲ... ನಂಬೋಕೆ ಆಗ್ತಾ ಇಲ್ಲ...
ಬೆಳಿಗ್ಗೆ ಎಂದಿನಂತೆ ಮುಲುಂಡ್ ಸ್ಟೇಷನ್ನಿನಲ್ಲಿ ನಿಂತಿದ್ದೆ. ಲೋಕಲ್ ಟ್ರೈನಿನ ನಮ್ಮ ಡಬ್ಬಿ ಬಂದು ನಿಲ್ಲುವ ಜಾಗದಲ್ಲೇ.
ಬಸಣ್ಣ ಇನ್ನೂ ಬಂದಿರಲಿಲ್ಲ...
ಫೋನ್ ಬಂತು. ಅವನ ಹೆಂಡತಿ ಮಹಾದೇವಿಯವರದು.
"ಅಣ್ಣಾರ, ಅವರು ಇನ್ನ ಬರೂದಿಲ್ರಿ" ಅಂದರು.
ಇವತ್ತು ರಜೆ ಹಾಕಿದ್ದಾನಾ ಅಂತ ಕೇಳಿಬಿಟ್ಟೆ ನಾನು...

ಬೆಳಗಿನ ಜಾವ ಎದೆನೋವು ಬಂತಂತೆ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.
ಹೌ ಟು ಸೇ... ಕಾಲೇಜಿನಲ್ಲಿ ಕಲಿತ ಇಂಗ್ಲಿಷೂ ಕೈಕೊಡುತ್ತಿದೆ, ಕನ್ನಡವೂ...
ವಿಜಯಪುರದಿಂದ ಅವನ ಅಣ್ಣ ಬರಬೇಕು. ನಾಳೆ ಮಣ್ಣು.
ಅವರ ಮನೆಯಲ್ಲಿ ಕೂತಿದ್ದೆ, ಈಗ ಬಂದೆ. ಕೂತು ಏನು ಮಾಡಲಿ... ಬರೆಯುತ್ತಿದ್ದೇನೆ.

ಬಸಣ್ಣನನ್ನು ತಿಳಿಯದವರಿಗೆ ಒಂದು ಮಾತು.
ಫೋರ್ಟಿನಲ್ಲಿ ಅವನದು ಬ್ಯಾಂಕು, ನನ್ನದು ಪಕ್ಕದ ಗಲ್ಲಿಯ ಆಫೀಸು. ಮುಲುಂಡಿನಲ್ಲಿ ಹತ್ತಿ ಸಿಎಸ್‌ಟಿಯಲ್ಲಿ ಇಳಿಯುವವರು ನಾವು, ಲೋಕಲ್ಲಿನಲ್ಲಿ ಪರಿಚಯ. ಅಲ್ಲೇ ಸ್ನೇಹ.
ದಿನಾ ಜೊತೆಗೆ ಹೋಗುವ ನಮ್ಮ ಗ್ರೂಪಿಗೆ ಒಂದು ರೂಲ್ ಇದೆ. ಮುಲುಂಡಿನಿಂದ ಕೂತು ಬಂದವರು ಘಾಟ್ಕೋಪರ್ ಬಂದಾಗ ಎದ್ದು, ನಿಂತವರಿಗೆ ಸೀಟು ಕೊಡಬೇಕು. ಯಾರಿಗೂ ಮಾಫಿ ಇಲ್ಲ.
ನನಗೊಬ್ಬನಿಗೆ ಇತ್ತು...
ನಾನು ಕೂತ ಕೂಡಲೇ ನಿದ್ದೆ. ಇಡೀ ಡಬ್ಬಿಗೆ ಕೇಳುವ ಗೊರಕೆ. ಎಬ್ಬಿಸೋಕೆ ಹೋದವರಿಗೆ ಬಸಣ್ಣ, "ಸೋನೇ ದೋ ಯಾರ್, ಉಸ್ಕಾ ಮೈ ಖಡಾ ರಹತಾ" ಅನ್ನುತ್ತಿದ್ದ.
ಮಲಗಲಿ ಬಿಡಿ, ಅವನ ಬದಲು ನಾನು ನಿಲ್ಲುತ್ತೇನೆ ಅಂತ ನನ್ನ ಪಾಲಿಗೂ ಅವನೇ ನಿಲ್ಲುತ್ತಿದ್ದ. ನನ್ನ ಎದುರಿಗೇ, ಹ್ಯಾಂಡಲ್ ಹಿಡಿದು.

ಹಾಗೆ ನಿಂತೇ ಅವನು ಅದನ್ನು ಕಂಡಿದ್ದು...
ಗೊರಕೆ ಏರುತ್ತಾ ಏರುತ್ತಾ ಹೋಗಿ ಥಟ್ಟನೆ ನಿಂತುಬಿಡುತ್ತದೆ. ಉಸಿರೇ ಇಲ್ಲ. ಆಮೇಲೆ ಮುಳುಗಿ ಎದ್ದವನ ಹಾಗೆ ಏದುತ್ತಾ ಉಸಿರು ಎಳೆದುಕೊಳ್ಳುತ್ತೇನೆ.
ಹಟ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.
ರಾತ್ರಿ ಪಕ್ಕದಲ್ಲಿ ಮಲಗುವವರು ಯಾರು, ಅವರು ಏನು ನೋಡಿದ್ದಾರೆ, ಅಂತ ಕೇಳಿದರು ಡಾಕ್ಟರು.
ನನ್ನ ಹೆಂಡತಿ ಸುಮಿತ್ರಾ ತೀರಿಹೋಗಿ ಆಗ ವರ್ಷ ತುಂಬಿರಲಿಲ್ಲ.
"ಮೈ, ಡಾಕ್ಟರ್‌ಸಾಬ್" ಅಂದ ಬಸಣ್ಣ, ತನ್ನತ್ತಲೇ ಬೆರಳು ತೋರಿಸಿ. "ಮುಲುಂಡ್ ಸೇ ಸಿಎಸ್‌ಟಿ ತಕ್."
ಡಾಕ್ಟರು ನಕ್ಕೇ ನಕ್ಕರು... ನಾನೂ ನಕ್ಕೆ. ಸುಮಿತ್ರಾ ಹೋದ ಮೇಲೆ ಅದೇ ಮೊದಲು.

ಬಸಣ್ಣಾ...
ನಿದ್ದೆಯ ಟೆಸ್ಟ್ ಮಾಡಿ ಸ್ಲೀಪ್ ಆಪ್ನಿಯಾ ಅಂದರು, ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ. ರಾತ್ರಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಲಗುವ ಮಷೀನ್ ಕೊಟ್ಟರು. ನಾನು ಅದನ್ನು ಕಪಾಟಿನಲ್ಲಿಟ್ಟೆ.
ದಿನಾ ಕೇಳುತ್ತಿದ್ದೆ ನೀನು, ಹಾಕ್ಕೊಂಡೀಯೇನು ಅಂತ. ದಿನಾ ಬೈಯುತ್ತಿದ್ದೆ.
ಒಂದು ದಿನ ನಾನು ಹೇಳಿದೆ. ಸುಮಿತ್ರಾಳನ್ನು ಕೊನೆಯ ಸಲ ನೋಡಿದ್ದು ಐಸಿಯುನಲ್ಲಿ, ಅಂಥದೇ ಮಾಸ್ಕಿನಲ್ಲಿ... ಮಷೀನ್ ಆನ್ ಮಾಡಿದರೆ ಅದೇ ಸದ್ದು. ನನ್ನಿಂದಾಗಲ್ಲ. ಉಸಿರು ನಿಂತರೆ ನಿಲ್ಲಲಿ, ಯಾರಿಗೋಸ್ಕರ ಎಳೆಯಬೇಕು...
ದಾದರ್ ಬಂತು.
ನೀನು ಅಂದೆ, "ನೀ ಹ್ವಾದ್ರ ನನಗ ಸೀಟ್ ಹಿಡಿಯಾಂವ ಯಾರಲೇ? ಮಷೀನ್ ಬ್ಯಾಡಂದ್ರ ಬ್ಯಾಡ. ಬ್ಯಾರೆ ಏನರೆ ಹಾದಿ ಅದ ಏನು, ಕೇಳೂಣು ನಡಿ."

ಆ ಹಾದಿ ಆಪರೇಷನ್.
ಎಲ್ಲರಿಗೂ ಆಗುವಂಥದ್ದಲ್ಲ, ಮೊದಲು ಮಷೀನೇ ಸರಿ, ಅದು ಆಗದವರಿಗೆ ಇದು, ಅಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟು ನಿದ್ದೆ ಬರಿಸಿ, ಮೂಗಿನಿಂದ ಕ್ಯಾಮೆರಾ ಇಳಿಸಿ, ಗಂಟಲು ಎಲ್ಲಿ ಮುಚ್ಚುತ್ತಿದೆ ಅಂತ ನೋಡಿದರು. ನನ್ನದು ಟಾನ್ಸಿಲ್ ಮತ್ತು ಕಿರುನಾಲಿಗೆಯ ಹತ್ತಿರ. ಅಲ್ಲಿ ಕತ್ತರಿಸಿ, ಹೊಲಿದು, ದಾರಿ ಅಗಲ ಮಾಡುತ್ತಾರಂತೆ. ಗ್ಯಾರಂಟಿ ಇಲ್ಲ ಅಂತಲೂ ಹೇಳಿದರು.
ನಾನು ಹೆದರಿದೆ. ನೀನು ಬ್ಯಾಂಕಿಗೆ ರಜೆ ಹಾಕಿ ಬಂದು ಕೂತೆ.
ಅಬ್ಬಾ, ಆ ನೋವು... ಉಗುಳು ನುಂಗಿದರೆ ಗಾಜು ನುಂಗಿದ ಹಾಗೆ. ಮಹಾದೇವಿಯವರು ಮಿಕ್ಸಿಗೆ ಹಾಕಿದ ತಣ್ಣನೆ ಮೊಸರನ್ನ ಕಳಿಸುತ್ತಿದ್ದರು. ನೀನು ನನ್ನೆದುರೇ ಕೂತು ರೊಟ್ಟಿ, ಶೇಂಗಾ ಚಟ್ನಿ ಹೊಡೆಯುತ್ತಿದ್ದೆ. ಲಗೂನ ಆರಾಮಾಗು, ನಿನಗೂ ಕೊಡ್ತೇನಿ, ಅಂತ ಆಸೆ ತೋರಿಸುತ್ತಾ...

ತಿರುಗಿ ಟ್ರೈನಿಗೆ ಬಂದ ಮೊದಲ ದಿನವೂ ನಾನು ನಿದ್ದೆ ಹೋದೆ. ಕಣ್ಣು ಬಿಟ್ಟರೆ ನನ್ನ ಮೂಗಿನ ಮುಂದೆ ನಿನ್ನ ಕೈ.
"ಬರಾಕತ್ತೈತಿ" ಅಂದೆ ನೀನು. "ಉಸುರು."
ಆಮೇಲೆ ಮತ್ತೆ ಟೆಸ್ಟ್ ಮಾಡಿದರು, ಉಸಿರು ನಿಲ್ಲುವುದು ಬಹಳ ಕಮ್ಮಿಯಾಗಿದೆ ಅಂದರು. ಟೆಸ್ಟಿಗಿಂತ ಮೊದಲೇ ನೀನು ಪಾಸ್ ಮಾಡಿದ್ದೆ.

ನಿನ್ನೆ...
ಇಷ್ಟು ವರ್ಷದಲ್ಲಿ ಒಂದು ದಿನವೂ ಟ್ರೈನಿನಲ್ಲಿ ನಿದ್ದೆ ಮಾಡದವನು ನೀನು, ನಿನ್ನೆ ನನ್ನ ಹೆಗಲಿಗೆ ತಲೆ ಕೊಟ್ಟು ಮಲಗಿದೆ.
ಘಾಟ್ಕೋಪರ್ ಬಂತು. ಏಳಿಸು ಅವನನ್ನ, ರೂಲ್ ಅಂದರೆ ರೂಲ್, ಅಂತ ಗ್ರೂಪಿನವರು ತಮಾಷೆ ಮಾಡಿದರು.
ನಿನ್ನ ತಲೆಯನ್ನು ಮೆತ್ತಗೆ ಕಿಟಕಿಗೆ ಒರಗಿಸಿ ನಾನು ಎದ್ದೆ.
"ಉಸ್ಕಾ ಮೈ ಖಡಾ ರಹತಾ" ಅಂದೆ.
ನಿನ್ನ ಮಾತನ್ನು ನಿನಗಾಗಿಯೇ ಹೇಳುವ ಚಾನ್ಸ್ ಸಿಕ್ಕಿತಲ್ಲ ಅಂತ ಎಷ್ಟು ಖುಷಿಯಾಗಿತ್ತು ಗೊತ್ತಾ...
ನಿನ್ನೆದುರಿಗೆ ಹ್ಯಾಂಡಲ್ ಹಿಡಿದು ನಿಂತೆ. ಸಿಎಸ್‌ಟಿ ಬರುವವರೆಗೂ ನೋಡುತ್ತಲೇ ಇದ್ದೆ.
ಗೊರಕೆ ಇಲ್ಲ, ತಡೆ ಇಲ್ಲ. ಉಸಿರು ಸಣ್ಣಗೆ ಬರುತ್ತಿತ್ತು, ಹೋಗುತ್ತಿತ್ತು...

ಸರಿಯಾಗಿಯೇ ಬರುತ್ತಿತ್ತು ಬಸಣ್ಣಾ. ನಾನು ನೋಡಿದ್ದೇನೆ.

ನಾಳಿದ್ದು ಟ್ರೈನ್ ಹತ್ತುತ್ತೇನೆ. ಘಾಟ್ಕೋಪರ್ ಬಂದಾಗ ಎದ್ದು ನಿಲ್ಲುತ್ತೇನೆ, ನಿನ್ನ ಪಾಲಿಗೂ.
ನೀನು ಕೂತೇ ಹೋಗು, ಗೆಳೆಯಾ... ನಿನ್ನ ಜೀವಕ್ಕೆ ನೆಮ್ಮದಿಯ ನಿದ್ದೆ ಸಿಗಲಿ.
ಯಾರೂ ಎಬ್ಬಿಸದಿರಲಿ.
🙏